ಒಂದು ಕಿವಿಗೆ ಜ್ವರ, ಇನ್ನೊಂದಕ್ಕಿಲ್ಲ

ಪಾದರಸದ ಥರ್ಮಾಮೀಟರ್ ಇದ್ದ ಕಾಲದಲ್ಲಿ ಜ್ವರ ನೋಡುವುದು ನಿಧಾನದ ಕೆಲಸ. ಡಬ್ಬಿಯಿಂದ ತೆಗೆದು, ನಾಲ್ಕು ಸಲ ಜಾಡಿಸಿ, ಪಾದರಸ ಇಳಿದಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿ, ಮಗುವಿನ ಕಂಕುಳಲ್ಲಿಟ್ಟು, ತೋಳನ್ನು ಒತ್ತಿ ಹಿಡಿದುಕೊಂಡು ಕೂರಬೇಕಿತ್ತು. ಮಗು ಒದ್ದಾಡಿ ಅದು ಜಾರಿದರೆ ಮತ್ತೆ ಮೊದಲಿಂದ. ಅಷ್ಟೆಲ್ಲ ಪಾಡುಪಟ್ಟ ಮೇಲೆ ಸಿಕ್ಕ ಅಂಕಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇನ್ನೊಂದು ಸಲ ನೋಡುವ ತಾಳ್ಮೆ ಯಾರಿಗಿತ್ತು?

ಕಿವಿಯ ಥರ್ಮಾಮೀಟರ್ ಈ ಕಾಯುವಿಕೆಯನ್ನು ತೆಗೆದುಹಾಕಿತು. ಕಿವಿಗೆ ಇಟ್ಟು ಗುಂಡಿ ಒತ್ತಿದರೆ ಒಂದೆರಡು ಸೆಕೆಂಡಿನಲ್ಲಿ ‘ಬೀಪ್’. ಆದರೆ ಸುಲಭವಾದದ್ದನ್ನು ಮತ್ತೆ ಮತ್ತೆ ಮಾಡುವ ಚಪಲ ಎಲ್ಲರಿಗೂ ಇದೆ. ಬಲಗಿವಿಯಲ್ಲಿ 101.3, ಎಡಗಿವಿಯಲ್ಲಿ 100.2, ಅನುಮಾನ ಬಂದು ಮತ್ತೆ ಬಲಗಿವಿಗೆ ಹಿಡಿದರೆ 100.8. “ಇದೇನಮ್ಮಾ, ಒಂದು ಕಿವಿಗೆ ಜ್ವರ, ಇನ್ನೊಂದಕ್ಕೆ ಇಲ್ವಾ?” ಎಂದು ಅತ್ತೆ ಕೇಳಿದರೆ ಸೊಸೆಯ ಬಳಿ ಉತ್ತರವಿರುವುದಿಲ್ಲ. “ಗೊತ್ತಿಲ್ಲ ಅತ್ತೆ, ಮಿಷನ್ನೇ ಸರಿ ಇಲ್ಲ ಅನ್ಸತ್ತೆ” ಎಂದು ಅದನ್ನು ಡಬ್ಬಿಗೆ ಹಾಕಿ, ಹಣೆಗೆ ಕೈಯಿಟ್ಟು ನೋಡುವಲ್ಲಿಗೆ ಅಂದಿನ ವಿಚಾರಣೆ ಮುಗಿಯುತ್ತದೆ.

ಮಿಷನ್ನು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದು ಮೂರು ಸಲವೂ ನಿಜವನ್ನೇ ಹೇಳಿದೆ, ಆದರೆ ಮೂರು ಬೇರೆ ಬೇರೆ ಜಾಗಗಳ ನಿಜ. ಇದು ಹೇಗೆಂದು ತಿಳಿಯಬೇಕಾದರೆ, ಈ ಉಪಕರಣ ಮೈಯನ್ನು ಮುಟ್ಟಿ ಬಿಸಿ ಅಳೆಯುವುದಿಲ್ಲ, ನೋಡಿ ಅಳೆಯುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಪಾದರಸದ ಥರ್ಮಾಮೀಟರ್ ಕಂಕುಳಲ್ಲಿ ಕೂತು ತಾನೇ ಕಂಕುಳಿನಷ್ಟು ಬಿಸಿಯಾಗುತ್ತದೆ. ಅಷ್ಟು ಬಿಸಿಯಾಗಲು ನಿಮಿಷಗಳು ಬೇಕು, ಅದಕ್ಕೇ ಆ ಕಾಯುವಿಕೆ. ಕಿವಿಯ ಥರ್ಮಾಮೀಟರ್ ಏನನ್ನೂ ಬಿಸಿಮಾಡಿಕೊಳ್ಳಲು ಕಾಯುವುದಿಲ್ಲ. ಕಿವಿಯೊಳಗಿನಿಂದ ಹೊರಡುವ, ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿದು ಲೆಕ್ಕ ಹಾಕುತ್ತದೆ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಅಂಥ ಬೆಳಕನ್ನು ಹೊರಸೂಸುತ್ತದೆ: ಒಲೆ, ಗೋಡೆ, ಬೆಕ್ಕು, ಈ ಪುಟ ಹಿಡಿದಿರುವ ನಿಮ್ಮ ಬೆರಳು. 1800ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಯಾವ ಬಣ್ಣ ಎಷ್ಟು ಬಿಸಿ ಎಂದು ನೋಡುತ್ತಿದ್ದ. ನೇರಳೆಯಿಂದ ಕೆಂಪಿನ ಕಡೆಗೆ ಹೋದಂತೆ ಬಿಸಿ ಏರಿತು. ಕೆಂಪನ್ನೂ ದಾಟಿ, ಬೆಳಕೇ ಕಾಣದ ಕಡೆ ಇಟ್ಟ ಥರ್ಮಾಮೀಟರಿನಲ್ಲಿ ಇನ್ನೂ ಹೆಚ್ಚು ಏರಿತು. ಅವಕೆಂಪು ಕಿರಣ, ಅಂದರೆ ಇನ್ಫ್ರಾರೆಡ್, ಹೀಗೆ ಒಂದು ಥರ್ಮಾಮೀಟರಿನ ಮೂಲಕವೇ ಜಗತ್ತಿಗೆ ಗೊತ್ತಾಯಿತು. ಅದೇ ಕಿರಣ ಮುಂದೊಂದು ದಿನ ಥರ್ಮಾಮೀಟರನ್ನೇ ಬದಲಿಸಿತು.

ನಮ್ಮ ಮೈ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಸೂಸುವ ಕಿರಣ 9–10 ಮೈಕ್ರೋಮೀಟರ್ ತರಂಗದೂರದ ಆಸುಪಾಸಿನಲ್ಲಿ ಅತಿ ಪ್ರಬಲವಾಗಿರುತ್ತದೆ. ಮೈಯ ಒಂದು ಚದರ ಮೀಟರ್‌ನಿಂದ ಹೊರಡುವುದು ಸುಮಾರು 520 ವ್ಯಾಟ್. ಗಾಬರಿ ಬೇಡ, ಸುತ್ತಲಿನ ಗೋಡೆಗಳು ಹೆಚ್ಚುಕಡಿಮೆ ಅಷ್ಟನ್ನೇ ನಮಗೆ ವಾಪಸ್ ಕೊಡುತ್ತಿರುತ್ತವೆ. ಉಷ್ಣತೆ ಏರಿದರೆ ಕಿರಣ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ ಎಂಬುದು ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ. ಕೇಳಲು ಜೋರಾಗಿದೆ. ಆದರೆ ಇಲ್ಲಿ ಎಣಿಕೆ ಶುರುವಾಗುವುದು ಪರಮಶೂನ್ಯದಿಂದ, ಅಂದರೆ ನಮ್ಮ ಮೈ 310 ಕೆಲ್ವಿನ್. ಅದು 311 ಆದರೆ, ಅಂದರೆ ಒಂದು ಡಿಗ್ರಿ ಸೆಲ್ಸಿಯಸ್ ಜ್ವರ ಏರಿದರೆ, ಕಿರಣ ಹೆಚ್ಚುವುದು ಬರೀ 1.3 ಪ್ರತಿಶತ. ಡಿಗ್ರಿಯ ಹತ್ತನೇ ಒಂದು ಭಾಗವನ್ನು ಪರದೆಯ ಮೇಲೆ ತೋರಿಸಬೇಕಾದರೆ ಸಾವಿರಕ್ಕೆ ಒಂದಷ್ಟು ವ್ಯತ್ಯಾಸವನ್ನು ಹಿಡಿಯಬೇಕು. ಆಟಿಕೆಯಂತೆ ಕಾಣುವ ಆ ಪ್ಲಾಸ್ಟಿಕ್ ವಸ್ತುವಿನೊಳಗೆ ನಡೆಯುವ ಕೆಲಸ ಇಷ್ಟು ಸೂಕ್ಷ್ಮವಾದದ್ದು.

ಆ ಕೆಲಸ ಮಾಡುವುದು ಥರ್ಮೋಪೈಲ್ ಎಂಬ ಪುಟ್ಟ ಬಿಲ್ಲೆ. ಎರಡು ಬೇರೆ ಲೋಹಗಳನ್ನು ಬೆಸೆದು ಒಂದು ಬೆಸುಗೆಯನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡ ಈ ಪರಿಣಾಮವನ್ನು ಇಟಲಿಯ ನೋಬಿಲಿ ಮತ್ತು ಮೆಲ್ಲೋನಿ ಹಲವು ಪಟ್ಟು ಹೆಚ್ಚಿಸಿದರು. ಅಂಥ ಜೋಡಿಗಳನ್ನು ಒಂದರ ಹಿಂದೆ ಒಂದು ಸರಪಳಿಯಾಗಿ ಕಟ್ಟಿ, ಹಲವು ಮೀಟರ್ ದೂರದಲ್ಲಿ ನಿಂತ ಮನುಷ್ಯನ ಮೈಬಿಸಿಯನ್ನು ಪತ್ತೆ ಮಾಡಿದರು. ಇಂದಿನ ಕಿವಿ ಥರ್ಮಾಮೀಟರಿನಲ್ಲಿ ಆ ಸರಪಳಿ ಅತಿ ತೆಳುವಾದ ಪೊರೆಯೊಂದರ ಮೇಲೆ ಅಚ್ಚಾಗಿ ಕೂತಿದೆ. ಕಿವಿಯಿಂದ ಬಂದ ಕಿರಣ ಬಿದ್ದು ಪೊರೆ ಕೂದಲೆಳೆಯಷ್ಟು ಬಿಸಿಯಾಗುತ್ತದೆ, ವಿದ್ಯುತ್ ಹುಟ್ಟುತ್ತದೆ. ಆಗುಂಬೆಯ ಕಾಡಿನ ಮಲಬಾರ್ ಪಿಟ್ ವೈಪರ್ ಹಾವಿನ ಕಣ್ಣಿಗೂ ಮೂಗಿಗೂ ನಡುವೆ ಇರುವ ಗುಳಿಯಲ್ಲೂ ವ್ಯವಸ್ಥೆ ಇಂಥದ್ದೇ. ತೆಳುಪೊರೆ ಕಾಯುತ್ತದೆ, ನರ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ, ಕತ್ತಲೆಯಲ್ಲಿ ಇಲಿ ಎಲ್ಲಿದೆಯೆಂದು ಹಾವಿಗೆ ಗೊತ್ತಾಗುತ್ತದೆ.

ಇಲ್ಲೊಂದು ತೊಡಕಿದೆ. ಪೊರೆ ಹೇಳುವುದು ಕಿವಿ ತನಗಿಂತ ಎಷ್ಟು ಬಿಸಿ ಎಂಬುದನ್ನು ಮಾತ್ರ. ತಾನೆಷ್ಟು ಬಿಸಿ ಎಂಬುದನ್ನು ಉಪಕರಣ ಇನ್ನೊಂದು ಸೆನ್ಸರಿನಿಂದ ಅಳೆದು ಕೂಡಿಸಿಕೊಳ್ಳಬೇಕು. ಆದ್ದರಿಂದ ಥರ್ಮಾಮೀಟರಿನ ಒಳಗೆಲ್ಲ ಒಂದೇ ಬಿಸಿ ಇರಬೇಕು. ಬಿಸಿಲಿನಲ್ಲಿ ನಿಂತ ಕಾರಿನಿಂದ ತಂದು ನೇರ ಕಿವಿಗೆ ಇಟ್ಟರೆ ಲೆಕ್ಕ ತಪ್ಪುತ್ತದೆ. ರೋಗಿ ಇರುವ ಕೋಣೆಯಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ಬಳಸಬೇಕು. ಸಾಮಾನ್ಯವಾಗಿ ಇವು 10ರಿಂದ 40 ಡಿಗ್ರಿ ಸೆಲ್ಸಿಯಸ್ ಕೋಣೆಗೆಂದು ತಯಾರಾದವು. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಫ್ಯಾನ್ ಮಾತ್ರ ಇರುವ ಮನೆಯೊಳಗೆ ಈ ಎಲ್ಲೆ ದಾಟುವುದು ದೊಡ್ಡ ಮಾತಲ್ಲ. ಆಗ ಪರದೆಯ ಮೇಲೆ ಅಂಕಿಯ ಬದಲು ತಪ್ಪಿನ ಗುರುತು ಮೂಡಿದರೆ ಅದನ್ನು ಪ್ರಾಮಾಣಿಕತೆ ಎಂದೇ ತಿಳಿಯಬೇಕು.

ಮೂತಿಗೆ ಹಾಕುವ ಆ ತೆಳು ಟೋಪಿಯ ವಿಷಯವೂ ಇದೇ ಭೌತಶಾಸ್ತ್ರ. ಅದು ಪಾಲಿಥೀನ್. ಗಾಜು ಕಣ್ಣಿಗೆ ಪಾರದರ್ಶಕ, ಮೈಬಿಸಿಯ ಕಿರಣಕ್ಕೆ ಗೋಡೆ. ತೆಳು ಪಾಲಿಥೀನ್ ಆ ಕಿರಣವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ‘ಬಹುಮಟ್ಟಿಗೆ’ ಅಂದೆ. ತಡೆಯುವ ಚೂರನ್ನು ಕಾರ್ಖಾನೆಯಲ್ಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಟೋಪಿ ಹಾಕಿ ಬಳಸಬೇಕಾದ ಮಾದರಿಯನ್ನು ಬರಿದಾಗಿ ಬಳಸಿದರೆ, ಎರಡು ಟೋಪಿ ಹಾಕಿದರೆ, ಹಳೆಯದರ ಮೇಲೆ ಬೆರಳಚ್ಚು ಮೆತ್ತಿಕೊಂಡಿದ್ದರೆ ಅಂಕಿ ಬದಲಾಗುತ್ತದೆ. ಟೋಪಿ ಬೇಡದ ಮಾದರಿಗಳ ಮೂತಿಯ ಕಿಂಡಿಗೆ ಗುಗ್ಗೆ ಅಂಟಿದರೆ ಜ್ವರವಿದ್ದರೂ ಕಡಿಮೆ ತೋರುತ್ತದೆ. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಬಹುದು, ಆದರೆ ಒರೆಸಿದ ಕೂಡಲೇ ಬಳಸಬಾರದು. ಸ್ಪಿರಿಟ್ ಆರುವಾಗ ಮೂತಿಯೂ ತಣ್ಣಗಾಗಿರುತ್ತದೆ.

ಎಲ್ಲ ಬಿಟ್ಟು ಕಿವಿಯೇ ಏಕೆ? ಇದರ ಹಿಂದೆ ಥಿಯೊಡೋರ್ ಬೆನ್ಜಿಂಗರ್ ಎಂಬ ಜರ್ಮನ್ ವೈದ್ಯನ ಕತೆಯಿದೆ, ಅದು ಅಷ್ಟೇನೂ ಹಿತವಾದ ಕತೆಯಲ್ಲ. ಹಿಟ್ಲರನ ವಾಯುಪಡೆಯ ಸಂಶೋಧನಾ ಕೇಂದ್ರದಲ್ಲಿದ್ದ ಈತನನ್ನು ಯುದ್ಧದ ನಂತರ ಬಂಧಿಸಿ ನ್ಯೂರೆಂಬರ್ಗ್‌ನಲ್ಲಿ ಇಟ್ಟಿದ್ದರು. ಅಲ್ಲಿ ನಡೆದ ನಾಜಿ ವೈದ್ಯರ ಮೊಕದ್ದಮೆಯ ಆರೋಪಿಗಳ ಪಟ್ಟಿಯಿಂದ ಹೆಸರು ಬಿಟ್ಟುಹೋಗಿ, ವಿಚಾರಣೆಯಿಲ್ಲದೆ ಹೊರಬಂದು, ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ನೌಕಾದಳದ ವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿಕೊಂಡ. ಯುದ್ಧ ಗೆದ್ದವರಿಗೆ ಅಂದು ವಿಜ್ಞಾನಿಗಳು ಬೇಕಾಗಿದ್ದರು, ಅವರ ಪೂರ್ವಾಪರ ಅಷ್ಟಾಗಿ ಬೇಕಿರಲಿಲ್ಲ.

ಅಲ್ಲಿ ಆತ ಹಿಡಿದ ಪ್ರಶ್ನೆ ಮಾತ್ರ ಸೊಗಸಾದದ್ದು: ಬೆವರು ಬರಲಿ ಎಂದು ಅಪ್ಪಣೆ ಕೊಡುವವರು ಯಾರು? ಬಿಸಿಯಾದ ಚರ್ಮವೋ, ಒಳಗಿನ ಮಿದುಳೋ? ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್ ಮೈಬಿಸಿಯ ಮೇಸ್ತ್ರಿ ಎಂದು ಗೊತ್ತಿತ್ತು, ಆದರೆ ಬದುಕಿರುವ ಮನುಷ್ಯನ ಹೈಪೋಥಾಲಮಸ್‌ಗೆ ಥರ್ಮಾಮೀಟರ್ ಇಡುವುದು ಹೇಗೆ? ಬೆನ್ಜಿಂಗರ್ ಹತ್ತಿರದ ದಾರಿ ಹುಡುಕಿದ. ಕಿವಿಯ ತಮಟೆ ತಲೆಯ ಒಳಕ್ಕೆ ಹುದುಗಿದೆ, ತೊಗಲು ತೆಳ್ಳಗೆ, ರಕ್ತದ ಪೂರೈಕೆ ಚೆನ್ನಾಗಿದೆ, ಹೊರಗಿನ ಗಾಳಿ ತಾಗುವುದು ಕಡಿಮೆ. ಕೂದಲಿನಂಥ ತಂತಿಯೊಂದನ್ನು ತಮಟೆಗೆ ತಾಗುವಂತೆ ಇಟ್ಟು, ಜನರನ್ನು ಬಿಸಿ ಕೋಣೆಯಲ್ಲಿ ಕೂರಿಸಿ ಬೆವರನ್ನು ಅಳೆದ. ಧಾರಾಕಾರ ಬೆವರುತ್ತಿದ್ದವರಿಗೆ ಮಂಜುಗಡ್ಡೆ ತಿನ್ನಿಸಿದಾಗ ತಮಟೆಯ ಉಷ್ಣತೆ ಇಳಿಯಿತು, ಅದರ ಜೊತೆಗೇ ಬೆವರೂ ಇಳಿಯಿತು. ಬೆವರು ನಿಂತದ್ದರಿಂದ ಚರ್ಮ ಇನ್ನಷ್ಟು ಬಿಸಿಯಾಯಿತು. ಚರ್ಮ ಬಿಸಿಯೇರುತ್ತಿರುವಾಗಲೂ ಬೆವರು ಕಡಿಮೆಯಾಗಿದೆ ಎಂದಮೇಲೆ ಅಪ್ಪಣೆ ಚರ್ಮದ್ದಲ್ಲ, ಒಳಗಿನದ್ದು. 1959ರಿಂದ ಮುಂದಿನ ಕೆಲವು ವರ್ಷ ಪ್ರಕಟವಾದ ಈ ಪ್ರಯೋಗಗಳು ಕಿವಿಯನ್ನು ಜ್ವರ ನೋಡುವ ಜಾಗವಾಗಿ ವೈದ್ಯರ ಮುಂದಿಟ್ಟವು.

ತಮಟೆಗೂ ಹೈಪೋಥಾಲಮಸ್‌ಗೂ ಒಂದೇ ರಕ್ತನಾಳದಿಂದ ರಕ್ತ ಹೋಗುತ್ತದೆ ಎಂದು ಥರ್ಮಾಮೀಟರಿನ ಡಬ್ಬಿಗಳ ಮೇಲೆ ಬರೆದಿರುವುದುಂಟು. ಇದು ಅರ್ಧ ಸತ್ಯ. ಕತ್ತಿನಲ್ಲಿ ಏರುವ ಕ್ಯಾರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ತಮಟೆಗೆ ರಕ್ತ ಬರುವುದು ಮುಖ್ಯವಾಗಿ ಹೊರಗವಲಿನ ಟಿಸಿಲುಗಳಿಂದ, ಮಿದುಳಿಗೆ ಒಳಗವಲಿನಿಂದ. ಮೂಲ ಒಂದೇ, ಆದ್ದರಿಂದ ಬಿಸಿ ಹತ್ತಿರ ಹತ್ತಿರ ಇರುತ್ತದೆ. ಜ್ವರ ಸರಸರ ಏರುವಾಗ ಇಳಿಯುವಾಗ ತಮಟೆ ಬೇಗ ಹಿಂಬಾಲಿಸುತ್ತದೆ, ಕಂಕುಳು ಹಿಂದೆ ಬೀಳುತ್ತದೆ. ಅಷ್ಟು ಸಾಕು. ತಮಟೆಯನ್ನು ಮಿದುಳಿನ ಕಿಟಕಿ ಎಂದು ಮಾರುವುದು ಜಾಹೀರಾತಿನವರ ಉತ್ಸಾಹ.

ಬೆನ್ಜಿಂಗರನ ತಂತಿ ತಮಟೆಗೆ ತಾಗಿದರೆ ನೋವು, ಮನೆಯಲ್ಲಿ ಬಳಸುವ ಮಾತೇ ಇಲ್ಲ. ಮುಟ್ಟದೆ ನೋಡುವ ಉಪಾಯ ಬಂದದ್ದು 1980ರ ದಶಕದಲ್ಲಿ. ಜೇಕಬ್ ಫ್ರೇಡನ್ ಎಂಬ ಇಂಜಿನಿಯರ್‌ನ ಇನ್ಫ್ರಾರೆಡ್ ಥರ್ಮಾಮೀಟರಿಗೆ 1989ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದೇ ಕಾಲಕ್ಕೆ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ದೂರದ ನಕ್ಷತ್ರ, ಗ್ರಹಗಳ ಬಿಸಿ ಅಳೆಯುವ ತಂತ್ರವನ್ನು ಡಯಾಟೆಕ್ ಎಂಬ ಕಂಪನಿಯೊಂದಿಗೆ ಸೇರಿ ಆಸ್ಪತ್ರೆಯ ಕಿವಿ ಥರ್ಮಾಮೀಟರಿಗೆ ಇಳಿಸಿತು. ಅಮೆರಿಕದ ತಾಯಂದಿರು ಅದನ್ನು ಬರಸೆಳೆದುಕೊಂಡದ್ದಕ್ಕೆ ಕಾರಣವಿದೆ: ಅಲ್ಲಿ ಅದುವರೆಗೆ ಶಿಶುಗಳ ಜ್ವರವನ್ನು ಗುದದ್ವಾರದಲ್ಲಿ ನೋಡುವುದೇ ರೂಢಿ. ಕಂಕುಳನ್ನೇ ಒಪ್ಪಿಕೊಂಡಿದ್ದ ನಮಗೆ ಅಷ್ಟು ಅವಸರವಿರಲಿಲ್ಲ.

ಈಗ ಅತ್ತೆಯ ಪ್ರಶ್ನೆಗೆ ಬರೋಣ. ದೊಡ್ಡವರ ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಕೊನೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ತಮಟೆ ಓರೆಯಾಗಿ ನಿಂತಿದೆ. ಕಾಲುವೆ ನೆಟ್ಟಗಿಲ್ಲ, ಅಂಕುಡೊಂಕಾಗಿದೆ. ಕಾಲುವೆಯ ಬಾಯಿಯ ಹತ್ತಿರದ ಗೋಡೆ ತಮಟೆಗಿಂತ ತಣ್ಣಗಿರುತ್ತದೆ. ಥರ್ಮಾಮೀಟರ್ ತನ್ನ ಮುಂದೆ ಕಂಡದ್ದೆಲ್ಲದರ ಕಿರಣವನ್ನು ಒಟ್ಟು ಹಾಕಿ ಸರಾಸರಿ ತೆಗೆಯುತ್ತದೆ. ಮೂತಿ ತಮಟೆಯ ಕಡೆಗಿದ್ದರೆ 101.3, ಕಾಲುವೆಯ ಗೋಡೆಯ ಕಡೆಗೆ ವಾಲಿದ್ದರೆ 100.2. ಕಿವಿಯ ಮೇಲಂಚನ್ನು ಹಿಡಿದು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆದರೆ ಆ ಡೊಂಕು ನೇರವಾಗುತ್ತದೆ, ತಮಟೆ ಕಾಣುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ನೇರ ಹಿಂದಕ್ಕೆ ಮಾತ್ರ. ಆಮೇಲೆ ಮೂತಿಯನ್ನು ಸಂದಿಲ್ಲದಂತೆ ಕೂರಿಸಿ, ಎದುರಿನ ಕಣ್ಣಿನ ಹೊರತುದಿಯ ಕಡೆಗೆ ಗುರಿಯಿಟ್ಟು ಗುಂಡಿ ಒತ್ತಬೇಕು. ಎಡಗಿವಿಗೆ ಬಲಗೈಯವರ ಕೈ ಸರಿಯಾಗಿ ತಿರುಗದೆ ಗುರಿ ತಪ್ಪುವುದು ಸಾಮಾನ್ಯ, ರೋಗಿಯ ಹಿಂದೆ ನಿಂತು ನೋಡಿದರೆ ಸುಲಭ.

ಒಂದೇ ಕಿವಿಗೆ ಬೆನ್ನುಬೆನ್ನಿಗೆ ಇಟ್ಟಾಗ ಅಂಕಿ ಇಳಿಯಲು ಬೇರೆ ಕಾರಣವಿದೆ. ತಣ್ಣನೆಯ ಮೂತಿ ಕಾಲುವೆಯ ಬಿಸಿಯನ್ನು ಎಳೆದುಕೊಂಡಿರುತ್ತದೆ. ಕೆಲವು ಮಾದರಿಗಳು ಮೂತಿಯನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕಾಗಿ. ನಡುವೆ ಒಂದೆರಡು ನಿಮಿಷ ಬಿಟ್ಟರೆ ಕಿವಿ ಸರಿಹೋಗುತ್ತದೆ.

ಕಿವಿಯನ್ನು ಕೆಡಿಸುವ ಇನ್ನೊಂದಷ್ಟು ಸಂಗತಿಗಳು ನಮ್ಮ ಮನೆಗಳವೇ. ನೆಗಡಿಯಾದ ಮಗುವಿಗೆ ಕಿವಿಗೆ ಹತ್ತಿ ಇಟ್ಟು ಮಂಕಿ ಕ್ಯಾಪ್ ಎಳೆದಿರುತ್ತಾರೆ. ಅದನ್ನು ತೆಗೆದ ಕ್ಷಣ ನೋಡಿದರೆ ಇಲ್ಲದ ಜ್ವರವೂ ಕಂಡೀತು. ಮಗು ಬಲಮಗ್ಗುಲಾಗಿ ಮಲಗಿ ಎದ್ದಿದ್ದರೆ ದಿಂಬಿಗೆ ಒತ್ತಿದ್ದ ಕಿವಿ ಹೆಚ್ಚು ಬಿಸಿ. ಎಣ್ಣೆ ಸ್ನಾನದ ದಿನ ಕಿವಿಗೆ ಬಿಟ್ಟ ಎಣ್ಣೆ ತಮಟೆಯ ಮುಂದೆ ಪರದೆಯಂತೆ ನಿಲ್ಲುತ್ತದೆ, ಆ ಕಿವಿಯನ್ನು ಅಂದು ಬಿಟ್ಟುಬಿಡಬೇಕು. ಕಿವಿಗೆ ಹನಿ ಔಷಧಿ ಹಾಕಿದ್ದರೂ ಹಾಗೇ. ಅಜ್ಜಿಯ ಶ್ರವಣಯಂತ್ರ ತೆಗೆದ ಮೇಲೆ, ಸ್ಕೂಟರಿನಲ್ಲಿ ಚಳಿಗಾಳಿಗೆ ಬಂದವರು ಒಳಗೆ ಕೂತ ಮೇಲೆ, ಒಂದು ಕಾಲು ಗಂಟೆ ಬಿಡಬೇಕು. ಗುಗ್ಗೆ ಸ್ವಲ್ಪ ಇದ್ದರೆ ಅಷ್ಟೇನೂ ತೊಂದರೆಯಿಲ್ಲ, ಕಾಲುವೆ ಮುಚ್ಚಿಹೋಗುವಷ್ಟಿದ್ದರೆ ಅಂಕಿ ಕಡಿಮೆಯಾಗುತ್ತದೆ. ಹಾಗೆಂದು ಜ್ವರ ನೋಡುವ ನೆಪದಲ್ಲಿ ಪಿನ್ನು, ಕಡ್ಡಿ ಹಾಕಿ ಕೆದಕುವುದು ಬೇಡ.

ಅಂಗಡಿಯ ಡಬ್ಬಿಯ ಮೇಲೆ ±0.2 ಡಿಗ್ರಿ ಸೆಲ್ಸಿಯಸ್ ನಿಖರತೆ ಎಂದಿರುತ್ತದೆ. ಸುಳ್ಳಲ್ಲ. ಆದರೆ ಅದನ್ನು ಅಳೆದದ್ದು ಪ್ರಯೋಗಾಲಯದಲ್ಲಿ, ಉಷ್ಣತೆ ಗೊತ್ತಿರುವ ಕಪ್ಪು ಕುಹರದ ಮುಂದೆ. ಕುಹರ ಅಳುವುದಿಲ್ಲ, ತಲೆ ಅಲ್ಲಾಡಿಸುವುದಿಲ್ಲ, ಅದರ ಕಾಲುವೆ ಡೊಂಕಿಲ್ಲ. ನಿಜವಾದ ಮಕ್ಕಳ ಕಿವಿಯ ಲೆಕ್ಕವನ್ನು 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ತೆಗೆಯಿತು. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗುದದ್ವಾರದಲ್ಲಿ 38 ಡಿಗ್ರಿ ಇರುವ ಮಗುವಿನ ಕಿವಿಯಲ್ಲಿ 37.04ರಿಂದ 39.2ರವರೆಗೆ ಎಷ್ಟು ಬೇಕಾದರೂ ಕಾಣಬಹುದು ಎಂದಾಯಿತು. ನಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ 100.4 ಇದ್ದಲ್ಲಿ 98.7 ಕೂಡ ಕಾಣಬಹುದು, 102.6 ಕೂಡ. ಸರಾಸರಿ ವ್ಯತ್ಯಾಸ ಚಿಕ್ಕದೇ, 0.3 ಡಿಗ್ರಿಯ ಆಸುಪಾಸು. ಆದರೆ ಮನೆಯಲ್ಲಿ ಇರುವುದು ಸರಾಸರಿಯ ಮಗುವಲ್ಲ, ಒಂದೇ ಒಂದು ಮಗು.

ಹಾಗಾದರೆ ಇದನ್ನು ಎಸೆಯಬೇಕೆ? ನಾನು ಎಸೆಯೆನ್ನುವುದಿಲ್ಲ. ಒಂದೇ ಕೈ, ಒಂದೇ ಕಿವಿ, ಒಂದೇ ರೀತಿ ಎಂಬುದನ್ನು ಬಿಡದೆ ನೋಡಿದರೆ ಏರಿತೋ ಇಳಿಯಿತೋ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ನಿದ್ದೆ ಹೋದ ಮಗುವನ್ನು ಎಬ್ಬಿಸದೆ ನೋಡಬಹುದು, ಇದೇನು ಸಣ್ಣ ಅನುಕೂಲವಲ್ಲ. ಕೋವಿಡ್ ಕಾಲದಲ್ಲಿ ಅಂಗಡಿ, ಮಾಲ್‌ಗಳ ಬಾಗಿಲಲ್ಲಿ ಹಣೆಗೆ, ಕೊನೆಗೆ ಮಣಿಕಟ್ಟಿಗೂ ಹಿಡಿಯುತ್ತಿದ್ದ ಪಿಸ್ತೂಲುಗಳೂ ಇದೇ ಕಿರಣವನ್ನು ಹಿಡಿಯುವಂಥವು. ಆದರೆ ಅವು ನೋಡುತ್ತಿದ್ದದ್ದು ಗಾಳಿ, ಬಿಸಿಲು, ಬೆವರಿಗೆ ತೆರೆದ ಹೊರಚರ್ಮವನ್ನು. 93 ಎಂದು ತೋರಿಸಿ ಒಳಗೆ ಬಿಟ್ಟದ್ದು ಯಾರಿಗೆ ನೆನಪಿಲ್ಲ?

ಶಿಶುಗಳ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಕಾಲುವೆ ತೀರ ಕಿರಿದಾದ್ದರಿಂದ ಆರು ತಿಂಗಳೊಳಗಿನ ಮಗುವಿಗೆ ಕಿವಿಯ ಥರ್ಮಾಮೀಟರ್ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಅಥವಾ ಹೆಚ್ಚು ಜ್ವರ ಇದ್ದರೆ ಮನೆಯಲ್ಲಿ ಔಷಧಿ ಹಾಕಿ ಕಾಯುವಂತಿಲ್ಲ, ರಾತ್ರಿಯಾಗಿದ್ದರೂ ವೈದ್ಯರಲ್ಲಿಗೆ ಒಯ್ಯಬೇಕು. ಅಂಕಿ ಕಡಿಮೆ ಇದ್ದರೂ ಕೂಸು ಹಾಲು ಬಿಟ್ಟು ಮಂಕಾಗಿದ್ದರೆ ಅದೇ ನಿಯಮ.

ಇನ್ನು ಯಾವ ಅಂಕಿಯನ್ನು ಜ್ವರವೆನ್ನಬೇಕು ಎಂಬುದು. 98.6 ಎಂಬ ಸಂಖ್ಯೆ ನಮ್ಮೆಲ್ಲರ ತಲೆಯಲ್ಲಿ ಕೂತಿರುವುದು ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಶ್‌ನಿಂದ. 1868ರಲ್ಲಿ ಆತ ಸುಮಾರು 25,000 ರೋಗಿಗಳ ಕಂಕುಳಿನ ಅಳತೆಗಳನ್ನು ಆಧರಿಸಿ ಪುಸ್ತಕ ಬರೆದ, 37 ಡಿಗ್ರಿ ಸೆಲ್ಸಿಯಸ್ ಆರೋಗ್ಯವಂತರ ಬಿಸಿ ಎಂದ. 37 ಎಂಬುದು ದುಂಡು ಸಂಖ್ಯೆ. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ ದಶಾಂಶ ಬಂದು ಅಂಟಿಕೊಂಡು, ಅತಿ ನಿಖರವಾಗಿ ಅಳೆದಂತೆ ಕಾಣತೊಡಗಿತು. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರ ಬಾಯಿಯಲ್ಲಿ ಅಳೆದಾಗ ಸರಾಸರಿ ಬಂದದ್ದು 98.2. ಅದೂ ದಿನವಿಡೀ ಒಂದೇ ಅಲ್ಲ. ಬೆಳಗಿನ ಜಾವ ಕಡಿಮೆ, ಇಳಿಹೊತ್ತಿಗೆ ಹೆಚ್ಚು, ನಡುವಿನ ಅಂತರ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್. ಸಂಜೆ ಆಟವಾಡಿ ಬಂದ ಮಗುವಿಗೆ 99.5 ಇದ್ದರೆ ಗಾಬರಿಯಾಗಬೇಕಿಲ್ಲ. ಇದರ ಜೊತೆಗೆ ಕೆಲವು ಕಿವಿ ಥರ್ಮಾಮೀಟರ್‌ಗಳು ಕಿವಿಯಲ್ಲಿ ಕಂಡದ್ದನ್ನು ಹಾಗೇ ತೋರಿಸುವುದಿಲ್ಲ, ಬಾಯಿಯ ಅಥವಾ ಗುದದ್ವಾರದ ಲೆಕ್ಕಕ್ಕೆ ಹೊಂದಿಸಿ ತೋರಿಸುತ್ತವೆ. ನಿಮ್ಮದು ಯಾವ ಲೆಕ್ಕದ್ದೆಂದು ಜೊತೆಗೆ ಬರುವ ಚೀಟಿಯಲ್ಲಿರುತ್ತದೆ, ಸಣ್ಣ ಅಕ್ಷರದಲ್ಲಿ. ಅದನ್ನೋದದೆ ಕಂಕುಳಿನ ಅಂಕಿಯ ಜೊತೆ ಹೋಲಿಸಿ ಜಗಳವಾಡುವ ಮನೆಗಳೇ ಹೆಚ್ಚು.

ಆದ್ದರಿಂದ ಹೊಸದಾಗಿ ಕೊಂಡವರು ಮಾಡಬೇಕಾದ ಕೆಲಸ ಮನೆಯಲ್ಲಿ ಯಾರಿಗೂ ಜ್ವರವಿಲ್ಲದ ವಾರದಲ್ಲೇ ಇದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲ್ಲರ ಕಿವಿ ನೋಡಿ, ಹೆಸರಿನ ಮುಂದೆ ಅಂಕಿಯನ್ನೂ, ಬಲವೋ ಎಡವೋ ಎಂಬುದನ್ನೂ ಬರೆದು ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಡಬೇಕು. ಮಕ್ಕಳಿಗಿಂತ ಹೆಚ್ಚಾಗಿ ಇದು ಉಪಯೋಗಕ್ಕೆ ಬರುವುದು ಅಜ್ಜ ಅಜ್ಜಿಯರಿಗೆ. ವಯಸ್ಸಾದವರ ಮೈ ಮೊದಲೇ ತಣ್ಣಗಿರುತ್ತದೆ, ಸೋಂಕು ತಗಲಿದಾಗಲೂ ಅವರ ಜ್ವರ ನೂರು ಮುಟ್ಟದೆ ಇರಬಹುದು. ದಿನವೂ 97 ತೋರುವ ಅಜ್ಜನ ಕಿವಿ ಒಂದು ಸಂಜೆ 99 ತೋರಿ, ಅವರು ಊಟ ಬೇಡವೆಂದು ಹೊದ್ದು ಮಲಗಿದರೆ, ಪರದೆಯ ಮೇಲೆ ‘ಜ್ವರವಿಲ್ಲ’ ಎನ್ನುವ ಹಸಿರು ದೀಪವೇ ಉರಿಯುತ್ತಿದ್ದರೂ ಅವರಿಗೆ ಬಂದಿರುವುದು ಜ್ವರವೇ ಇದ್ದೀತು.